ಮೂರು ತೂತಿನ ಕೋಳ

ಬಡಗಿಯ ಅಂಗಡಿಗೆ ಒಂದು ನಿಯಮವಿತ್ತು. ಮನುಷ್ಯರ ಮೈಗೆ ತಾಗುವ ಸಾಮಾನು ಯಾವುದೇ ಆಗಲಿ, ಮನೆಯವರಲ್ಲಿ ಒಬ್ಬರು ಅರ್ಧ ದಿನ ಕೂತು ನೋಡದೆ ಅದು ಗಿರಾಕಿಯ ಕೈಗೆ ಹೋಗುವಂತಿರಲಿಲ್ಲ. ಕೂರುವುದೂ ಒಳಗಲ್ಲ, ಅಂಗಡಿಯ ಮುಂದೆ, ಬೀದಿಯ ಬೆಳಕಿನಲ್ಲಿ. ಕುರ್ಚಿಯ ಯಾವ ಅಂಚು ತೊಡೆಗೆ ಒತ್ತುತ್ತದೆ, ಯಾವ ಕಾಲು ಕೂದಲೆಳೆಯಷ್ಟು ಗಿಡ್ಡ ಎನ್ನುವುದು ಕೂತ ಕೂಡಲೇ ಗೊತ್ತಾಗುವುದಿಲ್ಲ, ಕೂತವರು ಕುರ್ಚಿಯನ್ನೇ ಮರೆತ ಮೇಲೆ ಗೊತ್ತಾಗುತ್ತದೆ ಎಂದು ಬಡಗಿಯ ವಾದ. ಹೀಗಾಗಿ ಅವನ ಇಬ್ಬರು ಮಕ್ಕಳೂ ಮಗ್ಗಿ ಉರುಹೊಡೆದದ್ದು, ಕಿತ್ತಾಡಿದ್ದು, ಜ್ವರ ಬಂದಾಗ ಬಿದ್ದುಕೊಂಡದ್ದು ಎಲ್ಲವೂ ಪರರ ಸಾಮಾನಿನ ಮೇಲೆಯೇ. ಮಗಳು ದೊಡ್ಡವಳಾದ ಮೇಲೆ ಯಾರದೋ ಮನೆಗೆ ಊಟಕ್ಕೆ ಹೋಗಿ, "ನಿಮ್ಮ ಈ ಮೇಜಿನ ಮೇಲೆ ನಾನು ಒಂದು ಇಡೀ ಭೂಗೋಳದ ಪಾಠ ಕಲ್ತಿದೀನಿ" ಎಂದು ಹೇಳಿ ಮನೆಯವರನ್ನು ಕಕ್ಕಾಬಿಕ್ಕಿ ಮಾಡಿದ್ದಳು.

ಉದ್ದಕ್ಕೆ ಬೆಳೆದು ಅಗಲಕ್ಕೆ ಬೆಳೆಯದೆ ಉಳಿದ ಮಗನನ್ನು ಅಪ್ಪ ಕರೆಯುತ್ತಿದ್ದದ್ದು ಮೊಳೆ ಎಂದು. ಮಾತಿಗೆ ಮೊದಲೇ ಸಿಡಿಯುವ ಮಗಳನ್ನು ಚಕ್ಕೆ ಎಂದು. ಶಾಲೆಯ ಹಾಜರಿಯಲ್ಲಿ ಇಬ್ಬರಿಗೂ ಚೆಂದದ ಹೆಸರುಗಳಿದ್ದವು, ಆದರೆ ಬೀದಿಗೆ ಅವು ಬೇಕಾಗಿರಲಿಲ್ಲ. ಈಗ ಚಕ್ಕೆಯ ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು. ಹಳೆಯ ಪುರಭವನದಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಅವಳಿಗೆ ಕೆಲಸ. ಪ್ರತಿ ವಸ್ತುವಿನ ಪಕ್ಕ ಒಂದು ಸಣ್ಣ ಫಲಕ ಇರುತ್ತದಲ್ಲ, ಇದು ಏನು, ಯಾವ ಕಾಲದ್ದು, ಯಾಕೆ ಬಳಸುತ್ತಿದ್ದರು ಎಂದು ಹೇಳುವುದು, ಅದನ್ನು ಬರೆಯುವವಳು ಅವಳೇ. ಬಂದವರು ನಿಂತ ಕಾಲಲ್ಲಿ ಓದಿ ಮುಂದೆ ಹೋಗುವ ನಾಲ್ಕು ಸಾಲು. ಅಪ್ಪನ ಅಂಗಡಿಗಿದ್ದ ಹಾಗೆ ಅವಳ ಕೆಲಸಕ್ಕೂ ಒಂದು ನಿಯಮವಿತ್ತು: ಗೊತ್ತಿರುವುದನ್ನು ಬರೆಯಬೇಕು, ಅನ್ನಿಸಿದ್ದನ್ನು ಬರೆಯಬಾರದು.

ಆ ವರ್ಷ ಪುರಭವನದ ನೆಲಮಾಳಿಗೆ ಖಾಲಿ ಮಾಡುವಾಗ ಮುರಿದ ಬೆಂಚುಗಳ ಅಡಿಯಿಂದ ಒಂದು ಕೋಳ ಹೊರಬಂತು. ಕೈಕೋಳ ಎಲ್ಲರಿಗೂ ಗೊತ್ತು. ಇದು ಅದರ ಅಜ್ಜ, ಮರದ್ದು, ಕಾಲಿಗೆ ಹಾಕುವುದು. ಒಂದರ ಮೇಲೊಂದು ಕೂರುವ ಎರಡು ದಪ್ಪ ಹಲಗೆ, ಎರಡಕ್ಕೂ ಎದುರುಬದುರಾಗಿ ಕೊರೆದ ಅರ್ಧಚಂದ್ರದ ಕಚ್ಚು. ಮೇಲಿನ ಹಲಗೆಯನ್ನು ಎತ್ತಿ, ತಪ್ಪು ಮಾಡಿದವನನ್ನು ಹಿಂದಿನ ಮಣೆಯ ಮೇಲೆ ಕೂರಿಸಿ, ಕಾಲು ಚಾಚಿಸಿ, ಹಲಗೆ ಇಳಿಸಿದರೆ ಮುಗಿಯಿತು. ಹಲಗೆಯ ತುದಿಯಲ್ಲಿ ಒಂದು ಮರದ ಅಗುಳಿ. ಹಲಗೆ ಕೂತ ಕೂಡಲೇ ತನ್ನ ಭಾರಕ್ಕೆ ತಾನೇ ಬಿದ್ದು ಹಿಡಿದುಕೊಳ್ಳುತ್ತದೆ. ಕೂತವನು ಎಷ್ಟು ಬಗ್ಗಿದರೂ ಅದು ಕೈಗೆ ಎಟುಕುವುದಿಲ್ಲ. ಅದನ್ನು ಪೇಟೆಯ ನಡುವೆ ಇಟ್ಟು, ಪಕ್ಕದಲ್ಲೊಬ್ಬ ಕಾವಲಿನವನನ್ನು ನಿಲ್ಲಿಸಿ, ಕೂತವನನ್ನು ಊರಿಗೆಲ್ಲ ತೋರಿಸುತ್ತಿದ್ದರು. ವಿಚಿತ್ರವೆಂದರೆ ಈ ಕೋಳಕ್ಕೆ ತೂತು ಎರಡಲ್ಲ, ನಾಲ್ಕೂ ಅಲ್ಲ, ಮೂರು.

"ಒಂಟಿ ಕಾಲಿನ ಕಳ್ಳ ಇದ್ದಿರಬೇಕು ಕಣಮ್ಮ," ಎಂದರು ನಿರ್ದೇಶಕರು. ಅವರ ಕಣ್ಣು ಆಗಲೇ ಹೊಳೆಯುತ್ತಿತ್ತು. "ಅವನ ಜೊತೆ ಎರಡು ಕಾಲಿನ ಸಹಚರ. ಹಾಗೇ ಬರಿ."

"ಅದು ನಮಗೆ ಗೊತ್ತಿಲ್ವಲ್ಲ ಸಾರ್."

"ಗೊತ್ತಿಲ್ಲ ಅಂತ ಬರೆದಿರೋದನ್ನ ಓದೋಕೆ ಯಾರು ಟಿಕೆಟ್ ತಗೋತಾರಮ್ಮ?"

ನಿರ್ದೇಶಕರು ಕೆಟ್ಟವರಲ್ಲ. ಅವರಿಗೆ ಅನುಭವ ಎಂಬ ಪದದ ಹುಚ್ಚು ಹಿಡಿದಿತ್ತು, ಅಷ್ಟೇ. ಬಂದ ಜನ ನೋಡಿದರೆ ಸಾಲದು, ಅನುಭವಿಸಬೇಕು. ಹಾಗಾಗಿ ಅಸಲಿ ಕೋಳ ಗಾಜಿನ ಹಿಂದೆ ಇರಲಿ, ಅದರಂಥದ್ದೇ ಇನ್ನೊಂದನ್ನು ಮಾಡಿಸಿ ಅಂಗಳದಲ್ಲಿಡೋಣ, ಜನ ಕಾಲು ತೂರಿಸಿ ಫೋಟೋ ತೆಗೆಸಿಕೊಳ್ಳಲಿ ಎಂದು ತೀರ್ಮಾನವಾಯಿತು. ಊರಲ್ಲಿ ಅಂಥ ಕೆಲಸ ಮಾಡುವ ಬಡಗಿ ಯಾರು ಎಂದು ಅವರು ಕೇಳಲೇ ಇಲ್ಲ. ಚಕ್ಕೆಯ ಮುಖ ನೋಡಿ ನಕ್ಕರು.

ಅವಳಿಗೆ ನಗು ಬರಲಿಲ್ಲ. ಯಾಕೆಂದರೆ ಅವಳ ಮನೆಯಲ್ಲಿ ಕೋಳ ಎಂಬ ಪದ ಯಾರ ಬಾಯಿಗೂ ಬಾರದೆ ಒಂದೂವರೆ ವರ್ಷವಾಗಿತ್ತು.

ಮೊಳೆ ಒಂದು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬೀದಿಯಲ್ಲಿ ಯಾರಿಗೆ ಕೆಮ್ಮು, ಯಾರಿಗೆ ನಿದ್ದೆ ಬರುವುದಿಲ್ಲ ಎಲ್ಲ ಅವನಿಗೆ ಗೊತ್ತು. ಒಂದು ಸಂಜೆ ಅಂಗಡಿ ತುಂಬ ಜನ, ಎಲ್ಲರಿಗೂ ಅವಸರ, ಅವನು ನಿವೃತ್ತ ಮೇಷ್ಟ್ರೊಬ್ಬರಿಗೆ ಪಕ್ಕದ ಸೀಸೆ ಕೊಟ್ಟ. ಎರಡು ಸೀಸೆಗೂ ಒಂದೇ ಬಣ್ಣದ ಮುಚ್ಚಳ. ಮೇಷ್ಟ್ರು ಸಾಯಲಿಲ್ಲ, ಆದರೆ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು, ಈಗಲೂ ಗೋಡೆ ಹಿಡಿದೇ ನಡೆಯುತ್ತಾರೆ. ತಪ್ಪು ಮೊಳೆಯದೇ, ಅದರಲ್ಲಿ ಎರಡು ಮಾತಿಲ್ಲ, ಅವನೂ ಇಲ್ಲ ಅನ್ನಲಿಲ್ಲ. ಪೊಲೀಸರು ಅಂಗಡಿಯಲ್ಲೇ ಅವನ ಕೈಗೆ ಕೋಳ ಹಾಕಿದರು. ಪೇಟೆಯ ಬೀದಿ ಇಕ್ಕಟ್ಟು, ಜೀಪು ಒಳಗೆ ಬರುವುದಿಲ್ಲ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ, ಹುಟ್ಟಿದಾಗಿನಿಂದ ಅವನನ್ನು ಕಂಡ ಪ್ರತಿ ಅಂಗಡಿಯ ಮುಂದೆ, ತನ್ನ ಅಪ್ಪನ ಅಂಗಡಿಯ ಮುಂದೆ ಕೂಡ, ಅವನನ್ನು ನಡೆಸಿಕೊಂಡು ಹೋದರು.

ಜೈಲಿನ ಅವಧಿ ಮುಗಿದು ಅವನು ಮನೆಗೆ ಬಂದದ್ದು ಚಳಿಗಾಲದಲ್ಲಿ. ಬಂದವನು ಮತ್ತೆ ಹೊಸ್ತಿಲು ದಾಟಲಿಲ್ಲ. ಮನೆ ಅಂಗಡಿಯ ಹಿಂದಿತ್ತು, ಬೀದಿಗೆ ಹೋಗಬೇಕಾದರೆ ಅಂಗಡಿ ಹಾಯಬೇಕು. ಅವನು ಅಂಗಡಿಗೂ ಬರುತ್ತಿರಲಿಲ್ಲ. ಅಡುಗೆ ಮಾಡುತ್ತಿದ್ದ, ಬಟ್ಟೆ ಒಗೆಯುತ್ತಿದ್ದ, ಪಾತ್ರೆಗಳನ್ನು ಅದೆಷ್ಟು ಉಜ್ಜುತ್ತಿದ್ದನೆಂದರೆ ತಳ ತೆಳುವಾಗುವುದೊಂದು ಬಾಕಿ. ಅಪ್ಪ ಮಗ ಮಾತಾಡಿದ್ದೇ ಇಲ್ಲ. ಒಂದೇ ಮೇಜಿಗೆ ಕೂತು, "ಉಪ್ಪು ಕಡಿಮೆಯಾಗಿದೆ ಅಂತ ಹೇಳು ಅವನಿಗೆ" ಎಂದು ಅಪ್ಪ ಚಕ್ಕೆಗೆ ಹೇಳುವುದು, "ಉಪ್ಪು ಅಲ್ಲೇ ಪಕ್ಕದಲ್ಲಿದೆ ಅಂತ ಹೇಳಕ್ಕ" ಎಂದು ಮೊಳೆ ಹೇಳುವುದು. ನಡುವೆ ಕೂತ ಚಕ್ಕೆಗೆ ಊಟವೂ ಇಳಿಯುತ್ತಿರಲಿಲ್ಲ, ಉಪ್ಪೂ ತಿಳಿಯುತ್ತಿರಲಿಲ್ಲ. ಟೀವಿಯಲ್ಲಿ ಯಾರನ್ನಾದರೂ ಹಿಡಿದುಕೊಂಡು ಹೋಗುವ ಸುದ್ದಿ ಬಂದರೆ ಮೂವರಲ್ಲಿ ಯಾರ ಕೈ ಮೊದಲು ಎಟುಕುತ್ತದೋ ಅವರು ಚಾನೆಲ್ ಬದಲಿಸುತ್ತಿದ್ದರು.

ಹೀಗಿರುವಾಗ ಅಪ್ಪನಿಗೆ ಏನೆಂದು ಹೇಳುವುದು? ಅವಳು ಬಹಳ ಯೋಚಿಸಿ, "ಮ್ಯೂಸಿಯಂಗೆ ಒಂದು ಬೆಂಚು ಬೇಕಂತೆ, ಹಳೇದೊಂದಿದೆ, ಅದೇ ಅಳತೆಗೆ" ಎಂದಳು.

ಅಪ್ಪ ಮಾರನೆಯ ದಿನ ಅಳತೆ ಪಟ್ಟಿ ಹಿಡಿದು ಸಂಗ್ರಹಾಲಯಕ್ಕೆ ಬಂದ. ಬೆಂಚನ್ನು ನೋಡಿದ. ಮಗಳನ್ನು ನೋಡಿದ. ಅವಳು ಕಿಟಕಿಯ ಆಚೆ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿದೆ ಎನ್ನುವ ಹಾಗೆ ನಿಂತಿದ್ದಳು.

"ಬೆಂಚು," ಎಂದ ಅಪ್ಪ.

"ಕೂರೋಕೆ ಮಣೆ ಇದೆಯಲ್ಲ," ಎಂದಳು ಅವಳು.

ಅಪ್ಪ ಬೇರೇನೂ ಹೇಳದೆ ಅಳತೆ ತೆಗೆದುಕೊಂಡ. ಕೊನೆಯಲ್ಲಿ ಬೆರಳನ್ನು ಒಂದೊಂದೇ ತೂತಿನ ಒಳಗೆ ಆಡಿಸಿದ. "ಮೂರೂ ಒಂದೇ ಥರ ಸವೆದಿವೆ. ಮೂರನೇದ್ರಲ್ಲೂ ಕಾಲು ಆಡಿದೆ. ಯಾರ ಕಾಲೋ," ಎಂದು ತಲೆ ಕೆರೆದುಕೊಂಡು ಹೊರಟ. ಬಾಗಿಲ ಬಳಿ ನಿಂತು, "ಇದು ಎಲ್ಲಿ ನೋಯ್ಸುತ್ತೆ? ತಣ್ಣಗೆ ಕೂರಿಸೋದಷ್ಟೇ ಅಲ್ವಾ? ಇಷ್ಟಕ್ಕೆ ಶಿಕ್ಷೆ ಅಂತ ಯಾಕೆ ಹೆಸರು?" ಎಂದು ಕೇಳಿದ. ಉತ್ತರಕ್ಕೆ ಕಾಯಲಿಲ್ಲ.

ಆ ಪ್ರಶ್ನೆ ಚಕ್ಕೆಯ ಮೇಜಿನ ಮೇಲೆಯೇ ಉಳಿಯಿತು. ಫಲಕದ ಮೊದಲ ಸಾಲನ್ನು ಅವಳು ಸಲೀಸಾಗಿ ಬರೆದಿದ್ದಳು: ಕೋಳ, ಅಪರಾಧಿಯ ಕಾಲುಗಳನ್ನು ಹಿಡಿದಿಡುವ ಮರದ ಸಾಧನ. ಪದ ಹುಟ್ಟಿದ್ದು ಎಲ್ಲಿಂದ ಎನ್ನುವುದಕ್ಕೂ ನಿಘಂಟಿನಲ್ಲಿ ದಾರಿ ಇತ್ತು. ಕೊಳ್ ಎಂಬ ಹಳೆಯ ಕ್ರಿಯಾಪದದಿಂದ ಬಂದಿರಬೇಕು ಎಂದು ಬಲ್ಲವರ ಅಂದಾಜು. ಕೊಳ್ ಎಂದರೆ ತೆಗೆದುಕೋ, ಹಿಡಿ, ವಶಮಾಡಿಕೋ. ಅಂಗಡಿಯಲ್ಲಿ ಸಾಬೂನು ಕೊಳ್ಳುವವಳ ಬಾಯಲ್ಲಿರುವುದೂ ಅದೇ, ಊರು ಕೊಳ್ಳೆ ಹೊಡೆದವರ ಕತೆಯಲ್ಲಿರುವುದೂ ಅದೇ. ಇಷ್ಟು ಗೊತ್ತಾದ ಮೇಲೆ ಅವಳು ಸಿಕ್ಕಿಬಿದ್ದಳು. ದಂಡ ಹಾಕಿದರೆ ಹಣ ತೆಗೆದುಕೊಳ್ಳುತ್ತಾರೆ. ಜೈಲಿಗೆ ಹಾಕಿದರೆ ದಿನಗಳನ್ನು ತೆಗೆದುಕೊಳ್ಳುತ್ತಾರೆ. ಕೋಳದಲ್ಲಿ ತೆಗೆದುಕೊಳ್ಳುವುದು ಏನನ್ನು? ಸಂಜೆ ಅಗುಳಿ ಎತ್ತಿದರೆ ಕಾಲು ಅವನದೇ, ಒಂದು ಗೀರೂ ಇಲ್ಲದೆ ಎದ್ದು ಮನೆಗೆ ಹೋಗುತ್ತಾನೆ. ಹಾಗಿದ್ದರೂ ಅಷ್ಟು ಕಾಲ, ಅಷ್ಟು ಊರುಗಳಲ್ಲಿ, ಜನ ಇದಕ್ಕೆ ಯಾಕೆ ಹೆದರಿದರು?

ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ತಡೆಯಲಾರದೆ ಅದನ್ನೇ ಕೇಳಿಬಿಟ್ಟಳು, ಪದವನ್ನು ಮಾತ್ರ ನುಂಗಿಕೊಂಡು. "ಆ ಬೆಂಚಿನ ಹೆಸರಿದೆಯಲ್ಲ, ಅದರ ಅರ್ಥ ಕಿತ್ಕೊಳ್ಳೋದು ಅಂತ. ಅದರಲ್ಲಿ ಕೂರಿಸಿ ಏನನ್ನ ಕಿತ್ಕೊಳ್ತಾರೆ ಅಂತ ನಾನು ನೋಡ್ತಾ ಇದೀನಿ." ಮೊಳೆ ಎದ್ದು ತಟ್ಟೆ ತೊಳೆಯಲು ಹೋದ. ಇನ್ನು ಈ ಬಾಯಿಗೆ ಬೀಗ ಹಾಕಿಕೊಳ್ಳಬೇಕು ಎಂದು ಚಕ್ಕೆ ತನ್ನನ್ನು ತಾನೇ ಬೈದುಕೊಂಡಳು.

ಆದರೆ ತಟ್ಟೆ ತೊಳೆದು ಬಂದ ಮೊಳೆ, ಅಪ್ಪ ಮಲಗಲು ಹೋದ ಮೇಲೆ, ತಾನಾಗಿಯೇ ಅವಳ ಎದುರು ಕೂತ.

"ಅಕ್ಕ, ನನಗೆ ಕೆಲಸ ಸಿಕ್ಕಿದೆ. ದೂರ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡೋದು. ಅಲ್ಲಿ ನನ್ನ ಗುರ್ತು ಯಾರಿಗೂ ಇಲ್ಲ."

"ಒಳ್ಳೇದೇ ಆಯ್ತಲ್ಲೋ. ಯಾವಾಗ?"

"ಮುಂದಿನ ಬುಧವಾರ. ಬೆಳಗಿನ ಮೊದಲನೇ ಬಸ್ಸಿಗೆ. ಬೀದಿ ಏಳೋದ್ರೊಳಗೆ ಹೋಗಿಬಿಡ್ತೀನಿ."

"ಅಪ್ಪನಿಗೆ?"

"ನೀನೇ ಹೇಳು. ಹೋದ ಮೇಲೆ."

ಹೋಗುವುದಕ್ಕೆ ಚಕ್ಕೆಯ ತಕರಾರಿರಲಿಲ್ಲ, ದುಡಿಯುವ ವಯಸ್ಸಿನವನು ಪಾತ್ರೆ ಉಜ್ಜುತ್ತ ಎಷ್ಟು ದಿನ ಕೂತಾನು? ಆದರೆ ಹೀಗೆ ಕದ್ದು ಹೋದರೆ ಅವನು ತಿರುಗಿ ಬರುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕತ್ತಲಲ್ಲಿ ಬಿಟ್ಟ ಬೀದಿಗೆ ಮನುಷ್ಯ ಹಗಲಲ್ಲಿ ಹೇಗೆ ಬಂದಾನು?

"ಅಪ್ಪ ನಿನ್ನ ಮೇಲೆ ಸಿಟ್ಟಾಗಿಲ್ಲ ಕಣೋ," ಎಂದಳು.

"ಸಿಟ್ಟಾಗಿದ್ರೆ ವಾಸಿಯಿತ್ತು. ಅವತ್ತು ನನ್ನನ್ನ ಕರ್ಕೊಂಡು ಹೋಗುವಾಗ ಅಪ್ಪ ಅಂಗಡಿ ಮುಂದೇನೇ ಕೂತಿತ್ತು. ಯಾರದೋ ಆರಾಮ ಕುರ್ಚಿ ಪರೀಕ್ಷೆ. ನನ್ನ ನೋಡ್ತು. ಗಡಿಯಾರ ರಿಪೇರಿಯವನು ಎದ್ದು ನಿಂತ, ಟೈಲರಮ್ಮ ಬಾಗಿಲಿಗೆ ಓಡಿ ಬಂದಳು. ಅಪ್ಪ ಏಳಲಿಲ್ಲ ಅಕ್ಕ. ನೆಲ ನೋಡ್ತಾ ಕೂತಿತ್ತು. ನಾನು ಅದರ ಮಗನೇ ಅಲ್ಲ ಅನ್ನೋ ಹಾಗೆ."

ಚಕ್ಕೆ ಅವತ್ತು ಅಲ್ಲಿರಲಿಲ್ಲ.

ಅಂಗಡಿಯಲ್ಲಿ ಹೊಸ ಕೋಳ ಮೈದುಂಬಿಕೊಳ್ಳುತ್ತಿತ್ತು. ಗರಗಸದ ಸದ್ದು, ಆಮೇಲೆ ಉಳಿಯ ಸದ್ದು, ಆಮೇಲೆ ಉಪ್ಪುಕಾಗದ ತಿಕ್ಕುವ ಸದ್ದು. ಕಾಗದ ತಿಕ್ಕುವುದು ನಿಲ್ಲಲೇ ಇಲ್ಲ. ಒಂದು ಸಂಜೆ ಚಕ್ಕೆ ಹೋಗಿ ನೋಡಿದರೆ, ಅಪ್ಪ ಮೂರೂ ತೂತಿನ ಅಂಚನ್ನು ದುಂಡಗೆ ತಿಕ್ಕಿ ತಿಕ್ಕಿ ಬೆಣ್ಣೆಯಂತೆ ಮಾಡಿಟ್ಟಿದ್ದ. ಅಸಲಿಯಲ್ಲಿ ಅಂಚು ಹಾಗಿರಲಿಲ್ಲ.

"ಅಪ್ಪಾ, ಇದು ಶಿಕ್ಷೆಯ ಸಾಮಾನು. ಒತ್ತಬೇಕು. ನಿರ್ದೇಶಕರು ಅನುಭವ ಅನುಭವ ಅಂತ ಪ್ರಾಣ ತಿಂತಾರೆ."

"ನಿಮ್ಮ ನಿರ್ದೇಶಕರ ಕಾಲು ತಂದು ಇಡು, ಆಗ ಒತ್ತೋ ಹಾಗೆ ಮಾಡ್ತೀನಿ," ಎಂದ ಅಪ್ಪ. "ಕಾಲಿಗೆ ಚುಚ್ಚೋ ಅಂಚು ಬಿಡೋಕೆ ನನ್ನ ಕೈಗೆ ಬರಲ್ಲ."

ಶನಿವಾರ ಸಂಗ್ರಹಾಲಯ ಮಧ್ಯಾಹ್ನದವರೆಗೆ ಮಾತ್ರ. ಚಕ್ಕೆ ಫಲಕದ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟಳು. ಮೊದಲ ಸಾಲು ಹಾಗೇ ಇತ್ತು, ಕೆಳಗೆ ಹೊಡೆದುಹಾಕಿದ ಸಾಲುಗಳೇ ಹೆಚ್ಚು. ಬೀದಿಗೆ ತಿರುಗುತ್ತಿದ್ದಂತೆ ಅಪ್ಪನ ಅಂಗಡಿಯ ಮುಂದೆ ಜನ ಕಾಣಿಸಿದರು. ಮೊಳೆಯನ್ನು ಕರೆದೊಯ್ದ ದಿನ ಆ ಬೀದಿಯಲ್ಲಿ ಜನ ಗುಂಪು ಕೂಡಿದ್ದನ್ನು ಕೇಳಿದಾಗಿನಿಂದ ಅವಳಿಗೆ ಗುಂಪು ಎಂದರೆ ಭಯ. ಓಡಿ ಹೋದಳು.

ಹತ್ತಿರ ಹೋದಾಗ ಕೇಳಿಸಿದ್ದು ನಗು. ಗಡಿಯಾರ ರಿಪೇರಿಯವನು ಹೊಟ್ಟೆ ಹಿಡಿದುಕೊಂಡಿದ್ದ, ಕಣ್ಣಿಗೆ ಸಿಕ್ಕಿಸಿದ ಭೂತಗಾಜು ತೆಗೆಯುವುದನ್ನೂ ಮರೆತಿದ್ದ. ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಂದಿದ್ದಳು. ಎಲ್ಲರ ನಡುವೆ, ಹೊಸ ಕೋಳದ ಮಣೆಯ ಮೇಲೆ, ಎರಡು ತೂತಿನಲ್ಲಿ ಎರಡು ಕಾಲು ಚಾಚಿಕೊಂಡು ಅಪ್ಪ ಕೂತಿದ್ದ. ಮುಖ ಬಿಸಿಲಿಗೆ ಕೆಂಪಾಗಿತ್ತು.

ಆಗಿದ್ದು ಇಷ್ಟು. ಅಂಗಡಿಯ ನಿಯಮದಂತೆ ಅಪ್ಪ ಬೆಳಿಗ್ಗೆ ಕೋಳವನ್ನು ಬೀದಿಗೆ ತಂದು ಕೂತು ನೋಡಿದ. ಮಣೆ ಸರಿ ಇತ್ತು. ಕಾಲಿಗೆ ತೂತು ಸರಿ ಹೊಂದುತ್ತದೋ ಇಲ್ಲವೋ ಎಂದು ಮೇಲಿನ ಹಲಗೆಯನ್ನು ಎಳೆದುಕೊಂಡ. ಅಸಲಿಯಲ್ಲಿರುವಂತೆಯೇ ತೂಕ ಹಾಕಿ, ಎಣ್ಣೆ ಬಿಟ್ಟು ಮಾಡಿದ ಅಗುಳಿ, ಟಕ್ಕೆಂದು ಬಿತ್ತು. ಕೊಡತಿ, ಉಳಿ, ಕೋಲು, ಎಲ್ಲ ಅಂಗಡಿಯ ಒಳಗೆ. ಒಳ್ಳೆಯ ಕೆಲಸಗಾರನಾದದ್ದೇ ತಪ್ಪಾಯಿತು. ಅಗುಳಿ ಸ್ವಲ್ಪ ಸಡಿಲವಿದ್ದಿದ್ದರೆ ಒದ್ದು ಎದ್ದುಬಿಡಬಹುದಿತ್ತು.

"ತೆಗೀತೀನಿ ಅಂದ್ರೆ ಬೈತಾರೆ ಕಣೆ ನಿಮ್ಮಪ್ಪ!" ಎಂದಳು ಟೈಲರಮ್ಮ. "ಯಾರನ್ನೂ ಹತ್ರ ಬಿಡಲ್ಲ."

"ಮೇಸ್ತ್ರಿಗೆ ಅಲ್ಲೇ ಚೆನ್ನಾಗಿದೆಯಂತೆ," ಎಂದ ಗಡಿಯಾರದವನು. "ಏನು ಕದ್ರಿ ಮೇಸ್ತ್ರಿ? ಒಪ್ಕೊಂಡ್ರೆ ಬಿಡಿಸ್ತೀವಿ."

ಮೊದಲಿನ ಅಪ್ಪನಾಗಿದ್ದರೆ ಇದಕ್ಕೆ ಹತ್ತು ಉತ್ತರ ಕೊಡುತ್ತಿದ್ದ. ಈಗ ಕೊಡಲಿಲ್ಲ. ಚಕ್ಕೆ ಅಗುಳಿಗೆ ಕೈ ಹಾಕಿದಳು.

"ಮುಟ್ಟಬೇಡ," ಎಂದ ಅಪ್ಪ. "ನೀನಲ್ಲ. ಅವನನ್ನ ಕರಿ. ಬಂದು ತೆಗೀಲಿ ಅಂತ ಹೇಳು ಅವನಿಗೆ."

ಹೇಳು ಅವನಿಗೆ. ಚಳಿಗಾಲದಿಂದ ಬೇಸಿಗೆಯವರೆಗೆ ಈ ಎರಡು ಮಾತನ್ನು ಹೊತ್ತು ಹೊತ್ತು ಅವಳಿಗೆ ಸಾಕಾಗಿ ಹೋಗಿತ್ತು. ಉಪ್ಪು ಹೊತ್ತಿದ್ದಳು, ಬಿಸಿನೀರು ಹೊತ್ತಿದ್ದಳು, ಒಗೆದ ಅಂಗಿ ಎಲ್ಲಿದೆ ಎನ್ನುವುದನ್ನು ಹೊತ್ತಿದ್ದಳು. ಬುಧವಾರ ಬೆಳಗಿನ ಬಸ್ಸು ಹೊರಟ ಮೇಲೆ ಇನ್ನೊಂದು ಮಾತನ್ನು ಹೊರಬೇಕಿತ್ತು. ಚಕ್ಕೆ ಸಿಡಿದಳು.

"ನಾನು ಕರೆಯಲ್ಲ! ಬಾಯಿಲ್ವಾ ನಿನಗೆ? ನಿನ್ನ ಮಗ, ನೀನೇ ಕರಿ."

ಗಡಿಯಾರದವನ ನಗು ನಿಂತಿತು. ಟೈಲರಮ್ಮ ಟೇಪಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಅಪ್ಪ ತನ್ನ ಕಾಲುಗಳನ್ನೇ ನೋಡಿದ. ಆಮೇಲೆ ತಲೆಯೆತ್ತದೆ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

"ಮೊಳೇ!"

ಒಳಗೆ ಪಾತ್ರೆಯ ಸದ್ದು ನಿಂತಿತು.

"ಮೊಳೇ, ಬಾರೋ ಇಲ್ಲಿ!"

ಅವನು ಬಂದ. ಒದ್ದೆ ಕೈ, ಮೊಣಕೈವರೆಗೆ ಮಡಿಚಿದ ತೋಳು. ಅಂಗಡಿಯ ಹೊಸ್ತಿಲಿನ ಒಳಗೇ ನಿಂತ. ಎಷ್ಟೋ ತಿಂಗಳ ಮೇಲೆ ಬೀದಿ ಅವನನ್ನು ನೋಡುತ್ತಿತ್ತು. ಅವನು ಬೀದಿಯನ್ನು ನೋಡಲಿಲ್ಲ, ಅಪ್ಪನ ಕಾಲುಗಳನ್ನು ನೋಡಿದ. ಇನ್ನು ತಿರುಗಿ ಒಳಗೆ ಹೋಗಿಬಿಡುತ್ತಾನೆ ಎಂದು ಚಕ್ಕೆಗೆ ಅನ್ನಿಸಿತು.

ಅಪ್ಪ ಅವನ ಕಡೆ ತಿರುಗದೆಯೇ ಮಾತಾಡಿದ.

"ಅವತ್ತು ನಾನು ಇಲ್ಲೇ ಕೂತಿದ್ದೆ. ಇದೇ ಜಾಗ. ನೀನು ನನ್ನ ನೋಡಿದೆ. ನಾನು ಏಳಲಿಲ್ಲ."

ಮೊಳೆ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

"ಅಪ್ಪನಿಗೆ ನಾಚಿಕೆಯಾಗಿದೆ, ಅದಕ್ಕೇ ಏಳಲಿಲ್ಲ ಅಂದ್ಕೊಂಡೆ ಅಲ್ವಾ? ಮಂಡಿ ಎರಡೂ ಸತ್ತಹಾಗೆ ಆಗಿದ್ವು ಕಣೋ. ಏಳೋ ಮುದುಕ, ಏಳೋ, ಹೋಗಿ ಪಕ್ಕದಲ್ಲಿ ನಡಿ ಅಂತ ನನ್ನನ್ನ ನಾನೇ ಬೈಕೊಂಡೆ. ಆಗಲಿಲ್ಲ. ಇವತ್ತು ಈ ಹಲಗೆ ಬಿದ್ದ ಮೇಲೆ ಗೊತ್ತಾಯ್ತು, ಅವತ್ತೂ ಹಿಂಗೇ ಕೂತಿದ್ದೆ." ಅಪ್ಪ ಮಗಳ ಕಡೆ ನೋಡಿದ. "ಏನನ್ನ ಕಿತ್ಕೊಳ್ತಾರೆ ಅಂತ ಕೇಳ್ತಿದ್ದೆಯಲ್ಲ ನೀನು. ಕಾಲನ್ನಲ್ಲ. ಏಳೋದನ್ನ ಕಿತ್ಕೊಳ್ತಾರೆ."

ಅಪ್ಪ ತನ್ನ ಒಳಗಿನದನ್ನು ಹೀಗೆ ಆಡಿದ್ದನ್ನು ಚಕ್ಕೆ ಎಂದೂ ಕೇಳಿರಲಿಲ್ಲ, ಅದೂ ಬೀದಿಯಲ್ಲಿ, ಅದೂ ಗಡಿಯಾರದವನ ಮುಂದೆ.

ಮೊಳೆ ಹೊಸ್ತಿಲು ದಾಟಿದ. ದಾಟಿದ್ದು ಅವನಿಗೇ ಗೊತ್ತಾಯಿತೋ ಇಲ್ಲವೋ. ನೇರ ಬಂದು ಅಗುಳಿ ಎತ್ತಿ, ಮೇಲಿನ ಹಲಗೆಯನ್ನು ಪೂರ್ತಿ ತೆರೆದ. ಅಪ್ಪನ ಕಾಲು ಬಿಡುಗಡೆಯಾದವು. ಅಪ್ಪ ಅವುಗ‌ಳನ್ನು ತೆಗೆಯಲಿಲ್ಲ.

"ತೆಗಿ ಅಪ್ಪ," ಎಂದ ಮೊಳೆ.

"ಅರ್ಧ ದಿನ ಆಗಿಲ್ಲ ಇನ್ನೂ."

ಮೊಳೆ ಹಲಗೆ ಹಿಡಿದುಕೊಂಡೇ ತಲೆಯೆತ್ತಿ ಬೀದಿಯನ್ನು ನೋಡಿದ, ಆ ತುದಿಯಿಂದ ಈ ತುದಿಯವರೆಗೆ. ಆಮೇಲೆ ಸುತ್ತಿ ಬಂದು ಮಣೆಯ ಮೇಲೆ ಅಪ್ಪನ ಪಕ್ಕ ಕೂತ. ತೂತು ಉಳಿದಿದ್ದದ್ದು ಒಂದೇ. ಬಲಗಾಲು ಚಾಚಿ ಅದರಲ್ಲಿಟ್ಟ, ಎಡಗಾಲು ಹೊರಗೇ ಮಡಿಚಿಕೊಂಡ, ಕೈ ಚಾಚಿ ಹಲಗೆಯನ್ನು ಎಳೆದ. ಅಗುಳಿ ಟಕ್ಕೆಂದು ಬಿತ್ತು.

ಯಾರೂ ನಗಲಿಲ್ಲ. ಟೈಲರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಬಿಸಿಲು ಜಾಸ್ತಿಯಾಯ್ತು, ಒಂದು ಕೊಡೆಯಾದ್ರೂ ತರ್ತೀನಿ ಇರಿ" ಎಂದು ಹೋದಳು. ಗಡಿಯಾರದವನು ಮೊಳೆಯ ಹೆಗಲ ಮೇಲೊಮ್ಮೆ ಕೈಯಿಟ್ಟು ಅಂಗಡಿಗೆ ನಡೆದ. ಉಳಿದವರು ಇನ್ನಷ್ಟು ಹೊತ್ತು ನಿಂತು ನೋಡಿದರು. ನೋಡುವುದಕ್ಕೆ ಅಲ್ಲಿ ಹೆಚ್ಚೇನಿರಲಿಲ್ಲ, ಒಬ್ಬ ಮುದುಕ, ಪಕ್ಕದಲ್ಲಿ ಅವನ ಮಗ. ಒಬ್ಬೊಬ್ಬರಾಗಿ ತಮ್ಮ ಕೆಲಸಕ್ಕೆ ಹೋದರು.

"ಮಣೆ ಒಂಚೂರು ಮುಂದಕ್ಕೆ ವಾಲಿದೆ ಅಪ್ಪ," ಎಂದ ಮೊಳೆ ಎಷ್ಟೋ ಹೊತ್ತಿನ ಮೇಲೆ.

"ಹೌದಾ?" ಅಪ್ಪ ಅಲುಗಾಡಿ ನೋಡಿದ. "ನನಗೂ ಅನ್ನಿಸ್ತು. ನನ್ನ ಸೊಂಟದ್ದೇ ದೋಷ ಅಂದ್ಕೊಂಡೆ."

"ಸೊಂಟದ್ದಲ್ಲ. ಹಿಂದಿನ ಕಾಲು ಎತ್ತರ ಆಗಿದೆ."

"ನಾಳೆ ಅದನ್ನ ಒಂಚೂರು ಕೊಯ್ಯೋಣ. ನೀನು ಹಿಡ್ಕೋಬೇಕು."

"ಹಿಡ್ಕೋತೀನಿ."

ಚಕ್ಕೆ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಕಣ್ಣು ಒರೆಸಿಕೊಂಡು ಚೀಲದಿಂದ ಹಾಳೆ ತೆಗೆದಳು. ಅಪರಾಧಿಯ ಕಾಲುಗಳನ್ನು ಹಿಡಿದಿಡುವ ಮರದ ಸಾಧನ ಎನ್ನುವುದನ್ನು ಹೊಡೆದುಹಾಕಿದಳು. ಅದರ ಜಾಗದಲ್ಲಿ, ಮನುಷ್ಯನನ್ನು ಊರಿನ ಎದುರು ಏಳಲಾಗದಂತೆ ಕೂರಿಸುವ ಮರದ ಹಲಗೆ ಎಂದು ಬರೆದಳು. ಕೊಳ್ ಎಂದರೆ ತೆಗೆದುಕೊಳ್ಳುವುದು, ಅದರಿಂದ ಈ ಪದ ಬಂದಿರಬೇಕು ಎನ್ನುವುದನ್ನು ಸೇರಿಸಿದಳು. ಆಮೇಲೆ ಮೂರನೆಯ ತೂತಿಗೆ ಬಂದಳು. ಎದುರಿಗೇ ಮೂರು ಕಾಲು ಸಾಲಾಗಿ ಚಾಚಿಕೊಂಡಿದ್ದವು, ಎರಡು ಮುದಿ ಕಾಲು, ಒಂದು ಉದ್ದದ ಕಾಲು. ಅವಳಿಗೆ ಅನ್ನಿಸಬೇಕಾದದ್ದು ಅನ್ನಿಸಿತು. ಒಬ್ಬನನ್ನು ಕೂರಿಸಿದಾಗ ಯಾರೋ ಬಂದು ಪಕ್ಕದಲ್ಲಿ ಕೂತಿರಬಹುದು, ಒಂದು ಕಾಲನ್ನು ಅವನ ಜೊತೆ ಕೊಟ್ಟು ಇನ್ನೊಂದನ್ನು ಮನೆಗೆಲಸಕ್ಕೆ ಇಟ್ಟುಕೊಂಡ ಯಾವಳೋ ತಾಯಿ, ಯಾವನೋ ಅಣ್ಣ. ಆದರೆ ಅದು ಅನ್ನಿಸಿದ್ದು, ಗೊತ್ತಿರುವುದಲ್ಲ. ಮೂರನೆಯ ತೂತು ಯಾಕೆಂದು ತಿಳಿದಿಲ್ಲ ಎಂದಷ್ಟೇ ಬರೆದಳು. ಸ್ವಲ್ಪ ಯೋಚಿಸಿ, ಮೂರೂ ಒಂದೇ ರೀತಿ ಸವೆದಿವೆ ಎಂದು ಕೊನೆಗೆ ಸೇರಿಸಿದಳು. ಅದು ಗೊತ್ತಿರುವ ಮಾತು, ಅದನ್ನು ಬರೆಯಬಹುದಿತ್ತು. ನಿರ್ದೇಶಕರು ಏನಾದರೂ ಅನ್ನಲಿ.

"ಅಕ್ಕ," ಎಂದು ಮೊಳೆ ಕೂಗಿದ, "ಬೆಳಗಿನ ಬಸ್ಸು ಬೇಡ. ಮಧ್ಯಾಹ್ನ ಒಂದು ಇದೆಯಲ್ಲ, ಅದಕ್ಕೇ ಹೋಗ್ತೀನಿ."

"ಯಾವ ಬಸ್ಸು? ಎಲ್ಲಿಗೆ?" ಎಂದ ಅಪ್ಪ.

"ಹೇಳ್ತೀನಿ ಅಪ್ಪ," ಎಂದ ಮೊಳೆ, ಅಕ್ಕನ ಕಡೆ ನೋಡದೆ. ಗೋದಾಮಿನ ಕೆಲಸ, ಅಲ್ಲಿನ ಕೋಣೆ, ತಿಂಗಳಿಗೊಮ್ಮೆ ರಜೆ, ಎಲ್ಲವನ್ನೂ ತಾನೇ ಹೇಳತೊಡಗಿದ. ಅಪ್ಪ ನಡುನಡುವೆ ಅಡ್ಡ ಬಾಯಿ ಹಾಕುತ್ತಿದ್ದ, ಅವನು ಮತ್ತೆ ಮೊದಲಿನಿಂದ ಹೇಳುತ್ತಿದ್ದ. ಟೈಲರಮ್ಮ ಕೊಡೆ ತಂದುಕೊಟ್ಟಳು. ಚಕ್ಕೆ ಎರಡು ಲೋಟ ಚಹಾ ತಂದಿಟ್ಟಳು, ಆಮೇಲೆ ತನಗೂ ಒಂದು ತಂದುಕೊಂಡು ಕೆಳಗೆ ಕೂತಳು. ಅರ್ಧ ದಿನ ಮುಗಿದು, ಬೀದಿಯ ಮೇಲೆ ನೆರಳು ಇಳಿಯಿತು. ಅಗುಳಿ ಎತ್ತಬೇಕೆಂದು ಮೂವರಲ್ಲಿ ಯಾರಿಗೂ ನೆನಪಾಗಲಿಲ್ಲ.